ಕರ ಕೊಳ್ಳುವವನ ಲೆಕ್ಕ

ಗೃಹಸ್ಥನಾದ ಸದ್ಭಕ್ತನು ಸರಕಾರಕ್ಕೆ ಸಲ್ಲತಕ್ಕ ಕರವನ್ನು ಸಲ್ಲಿಸುವುದು ಧರ್ಮವೆಂಬುದರಲ್ಲಿ ವಿವಾದವಿಲ್ಲ. ಮಾರ್ಗ, ಕಾಲುವೆ, ಶಾಲೆ, ಆಸ್ಪತ್ರೆಗಳು ಒಬ್ಬೊಬ್ಬನ ಶಕ್ತಿಯಿಂದ ಆಗತಕ್ಕವುಗಳಲ್ಲ. ಸರ್ವರೂ ಕೂಡಿ ಕೊಟ್ಟುದರಿಂದ ಆಗತಕ್ಕವುಗಳು. ಆದರೆ ಕೊಡುವವನ ಧರ್ಮವನ್ನು ಹೇಳಿದಷ್ಟು ವಿಸ್ತಾರವಾಗಿ ಕೊಳ್ಳುವವನ ಧರ್ಮವನ್ನು ವಿಚಾರಿಸುವವರು ಲೋಕದಲ್ಲಿ ವಿರಳ. ಕರವನ್ನೆತ್ತುವ ಅಧಿಕಾರಿಯು ಯಾರಿಗೆ ಉತ್ತರ ಕೊಡಬೇಕು? ಅವನು ಸತ್ಪುರುಷನಾಗಿದ್ದರೆ ಅವನನ್ನು ಲೆಕ್ಕ ಕೇಳುವುದು ಅವಮಾನವಲ್ಲವೇ? ಅವನು ದುಷ್ಟನಾಗಿದ್ದರೆ ಕರವನ್ನು ಕೊಡದೆ ಮರೆಮಾಚುವುದು ತಪ್ಪೇ? ಈ ಮೂರು ಪ್ರಶ್ನೆಗಳು ಗೃಹಸ್ಥರ ಮನಸ್ಸಿನಲ್ಲಿ ಆಗಾಗ ಏಳುವುದುಂಟು.

ಶರಣರಿಗೆ ಈ ವಿಷಯವು ಹೊರಗಿನದಾಗಿರಲಿಲ್ಲ. ಸುಂಕವನ್ನೆತ್ತುವುದನ್ನೇ ಕಾಯಕವಾಗಿ ಉಳ್ಳವರು ಸುಂಕದ ಬಂಕಣ್ಣನವರು. ಬಸವಣ್ಣನವರಾದರೋ ಮಂಗಳವಾಡದಲ್ಲಿ ಕರಣಿಕರಾಗಿದ್ದು, ಅನಂತರ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾದರೆಂದು ಪರಂಪರೆಯು ಹೇಳುತ್ತದೆ. ಭಂಡಾರದ ದ್ರವ್ಯವನ್ನು ದಾಸೋಹಕ್ಕೆ ವ್ಯಯಮಾಡಿದರೆಂದು ಕೊಂಡೆಯರು ಅರಸನಲ್ಲಿ ದೂರಿದ ಕಥೆಯು ಸರ್ವವಿದಿತ. ಆ ಕಥೆಯಲ್ಲಿ ಭಂಡಾರವನ್ನು ತೆರೆದು ಎಣಿಸಿ ನೋಡಲಾಗುತ್ತದೆ. ಒಂದು ಹೊನ್ನೂ ಕಡಿಮೆಯಾಗಿರುವುದಿಲ್ಲ. ಭಕ್ತರು ಇಲ್ಲಿ ಮಹಿಮೆಯನ್ನು ಕಾಣುತ್ತಾರೆ; ಅದು ಸರಿಯೇ. ಆದರೆ ಅದರಲ್ಲಿ ಇನ್ನೊಂದು ಪಾಠವೂ ಇದೆ. ಭಂಡಾರಿಯ ನಿರ್ಮಲತೆಯು ಲೋಕಕ್ಕೆ ವೇದ್ಯವಾದುದು ಅವರ ಕೀರ್ತಿಯಿಂದಲ್ಲ, ಎಣಿಕೆಯಿಂದ. ಅಂತಹ ಮಹಾತ್ಮರಿಗೇ ಎಣಿಕೆಯು ಕುಂದಾಗದಿದ್ದಲ್ಲಿ ಸಾಮಾನ್ಯ ಅಧಿಕಾರಿಗೆ ಅದು ಕುಂದಾಗುವುದು ಹೇಗೆ?

ರಾಯಚೂರು ಜಿಲ್ಲೆಯವರೇ ಆದ, ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವನ್ನೂ ಇಲ್ಲಿ ನೆನೆಯಬಹುದು. ಪತಿಯಾದ ಮಾರಯ್ಯನವರು ಒಂದು ದಿನ ನಿತ್ಯದ ಅಳತೆಗಿಂತ ಅಧಿಕವಾದ ಅಕ್ಕಿಯನ್ನು ತಂದಾಗ, ಆ ತಾಯಿಯು ಅಧಿಕವಾದುದನ್ನು ಹಿಂದಕ್ಕೆ ಒಯ್ದು ಸುರಿಯುವಂತೆ ಹೇಳಿದರು. ಪತಿಯನ್ನು ಕಳ್ಳನೆಂದು ಅವರು ಭಾವಿಸಲಿಲ್ಲ. ಅಕ್ಕಿಯನ್ನು ನೋಡಿದರು, ಅಳತೆಯನ್ನು ನೋಡಿದರು. ಲೆಕ್ಕಪರಿಶೋಧನೆಯ ಸ್ವರೂಪವು ಇದೇ. ಅದು ಪುರುಷನ ಮೇಲಣ ಆರೋಪವಲ್ಲ, ಪದಾರ್ಥದ ಪರೀಕ್ಷೆ.

ಪ್ರಾಚೀನ ರಾಜನೀತಿಜ್ಞರೂ ಇದನ್ನು ಅರಿತಿದ್ದರು. ಕೌಟಿಲ್ಯನು ಆದಾಯವನ್ನು ಕೂಡಿಸುವ ಸಮಾಹರ್ತನನ್ನೂ, ಕೋಶವನ್ನು ಕಾಯುವ ಸನ್ನಿಧಾತನನ್ನೂ ಬೇರೆಬೇರೆ ಅಧಿಕಾರಿಗಳನ್ನಾಗಿ ಮಾಡಿ, ಲೆಕ್ಕವನ್ನಿಡುವ ಅಕ್ಷಪಟಲವನ್ನು ಪ್ರತ್ಯೇಕವಾಗಿ ವಿಧಿಸಿದನು. ರಾಜದ್ರವ್ಯವನ್ನು ಅಪಹರಿಸುವ 40 ಉಪಾಯಗಳನ್ನು ಅವನು ಎಣಿಸಿರುವುದು, ಮನುಷ್ಯಸ್ವಭಾವವನ್ನು ಮಾತ್ರ ನಂಬಿ ಭಂಡಾರವನ್ನು ಕಟ್ಟಲಾಗದೆಂಬುದನ್ನು ತೋರಿಸುತ್ತದೆ.

ಕೃಷ್ಣಾ ತುಂಗಭದ್ರೆಗಳ ನಡುವಣ ಈ ನಾಡಿನ ಪೂರ್ವವೃತ್ತಾಂತವೇ ಇದಕ್ಕೆ ಸಾಕ್ಷಿ. ನಿಜಾಮನ ರಾಜ್ಯದಲ್ಲಿ ಬಹುಕಾಲ ಕಂದಾಯವನ್ನು ಗುತ್ತಿಗೆಗೆ ಕೊಡುವ ಪದ್ಧತಿಯಿತ್ತು. ಗುತ್ತಿಗೆದಾರನು ಒಪ್ಪಿದ ಮೊತ್ತವನ್ನು ಸರಕಾರಕ್ಕೆ ಕಟ್ಟಿ ಮಿಕ್ಕುದನ್ನು ತಾನೇ ಇಟ್ಟುಕೊಳ್ಳುತ್ತಿದ್ದನು. ರೈತನನ್ನು ಹೆಚ್ಚು ಹಿಂಡಿದಷ್ಟೂ ಅವನಿಗೆ ಲಾಭ. 1853ರಲ್ಲಿ ದಿವಾನನಾದ ಒಂದನೆಯ ಸಾಲಾರ್ ಜಂಗನು ಈ ಪದ್ಧತಿಯನ್ನು ಕ್ರಮವಾಗಿ ತೆಗೆದು, ಸಂಬಳ ಪಡೆಯುವ ತಾಲ್ಲೂಕದಾರರನ್ನು ನೇಮಿಸಿದನು. 1865ರಲ್ಲಿ ಜಿಲ್ಲೆಗಳ ವ್ಯವಸ್ಥೆಯನ್ನು ಮಾಡಿದನು. ರಾಯಚೂರು ಸೀಮೆಯು 1853ರಿಂದ 1860ರವರೆಗೆ ಬ್ರಿಟಿಷರ ಕೈಯಲ್ಲಿದ್ದು ಮರಳಿ ಬಂದುದರಿಂದ ಈ ವ್ಯವಸ್ಥೆಯೊಳಗೆ ಸೇರಿತು. ಜಾಗೀರುಗಳು ಮಾತ್ರ 1949ರಲ್ಲಿ ರದ್ದಾಗುವ ತನಕ ಉಳಿದವು. ಊರಿನ ಗೌಡಿಕೆ ಕುಲಕರ್ಣಿಕೆಗಳು ವಂಶದ ಸ್ವತ್ತಾಗಿದ್ದುದನ್ನು 1961ರ ಶಾಸನವು ನಿಲ್ಲಿಸಿತು. ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಇದರಿಂದ ಮನುಷ್ಯರು ಒಮ್ಮೆಲೇ ಸಾಧುಗಳಾದರೆಂದಲ್ಲ. ಹೆಚ್ಚು ಹಿಂಡುವುದರಲ್ಲಿ ನ್ಯಾಯಬದ್ಧವಾದ ಲಾಭವಿಲ್ಲದಂತೆ ಆಯಿತು, ಅಷ್ಟೇ. ಅದೇ ದೊಡ್ಡ ಸುಧಾರಣೆ.

ಇನ್ನು ಮೊದಲನೆಯ ಪ್ರಶ್ನೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 265ನೆಯ ಅನುಚ್ಛೇದವು, ಶಾಸನದ ಆಧಾರವಿಲ್ಲದೆ ಯಾವ ಕರವನ್ನೂ ವಿಧಿಸಲಾಗದು, ವಸೂಲು ಮಾಡಲಾಗದು ಎಂದು ವಿಧಿಸಿದೆ. ಆದುದರಿಂದ ಅಧಿಕಾರಿಯ ಕೈಯಲ್ಲಿರುವುದು ಅವನ ಸ್ವಂತ ಬಲವಲ್ಲ, ಎರವಲು ಬಂದ ಬಲ. ಕಂದಾಯದಲ್ಲಿ ಗ್ರಾಮದ ಅಧಿಕಾರಿಯ ಮೇಲೆ ಕಂದಾಯ ನಿರೀಕ್ಷಕರು, ಅವರ ಮೇಲೆ ತಹಶೀಲ್ದಾರರು, ಉಪವಿಭಾಗದಲ್ಲಿ ಸಹಾಯಕ ಆಯುಕ್ತರು, ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳು. 1964ರ ಭೂಕಂದಾಯ ಕಾಯ್ದೆಯಲ್ಲಿ ಕೆಳಗಿನವರ ಆಜ್ಞೆಯ ಮೇಲೆ ಮೇಲಿನವರಿಗೆ ಮೇಲ್ಮನವಿಯುಂಟು. ಆದಾಯ ತೆರಿಗೆಯ ಇಲಾಖೆಯು ಹಣಕಾಸು ಸಚಿವಾಲಯಕ್ಕೆ ಅಧೀನ. ಆದರೆ 1941ರಲ್ಲಿ ಸ್ಥಾಪಿತವಾದ ಅದರ ಮೇಲ್ಮನವಿ ನ್ಯಾಯಮಂಡಳಿಯು ಕಾನೂನು ಸಚಿವಾಲಯಕ್ಕೆ ಸೇರಿದೆ. ಕರವನ್ನು ಕೊಂಡವನೇ ತಕರಾರಿನ ತೀರ್ಪನ್ನು ಹೇಳಬಾರದೆಂಬ ತತ್ತ್ವವೇ ಇಲ್ಲಿದೆ. ಇವೆಲ್ಲಕ್ಕೂ ಹೊರಗೆ ನಿಂತು, ಬಂದ ಹಣವನ್ನೂ ವ್ಯಯವಾದ ಹಣವನ್ನೂ ಪರೀಕ್ಷಿಸುವವರು ನಿಯಂತ್ರಕರು ಮತ್ತು ಮಹಾಲೇಖಪಾಲರು. ಅವರ ವರದಿಯು ಪ್ರಜೆಗಳ ಪ್ರತಿನಿಧಿಗಳು ಕುಳಿತ ಸಭೆಯ ಮುಂದೆ ಬರುತ್ತದೆ. ಲೆಕ್ಕವು ಮೇಲೇರಿ ಮೇಲೇರಿ ಕಡೆಗೆ ಕರ ಕೊಟ್ಟವನ ಕಡೆಗೇ ಇಳಿಯುವುದು.

ಮೂರನೆಯ ಪ್ರಶ್ನೆಯು ಎಲ್ಲಕ್ಕಿಂತ ಕಠಿನ. ಕವಿತಾಳ, ಮಾನ್ವಿಗಳ ಸುತ್ತಲಿನ ರೈತನೊಬ್ಬನ ಹೊಲವು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿದೆ ಎಂದಿಟ್ಟುಕೊಳ್ಳೋಣ. ನೀರು ತಲುಪಲಿಲ್ಲ, ಆದರೂ ಪಟ್ಟಿಯಲ್ಲಿ ನೀರಿನ ಕರ ಬಂದಿದೆ. ಅವನ ಸಿಟ್ಟು ನ್ಯಾಯವಾದುದು. ಅವನು ಆ ಕರವನ್ನು ಅರ್ಜಿ ಬರೆದು ಪ್ರಶ್ನಿಸಿದರೆ ಅದು ಧರ್ಮ. ಬಾರದ ನೀರಿಗೆ ಬೆಲೆ ತೆರಲಾರೆನೆಂದು ಬಹಿರಂಗವಾಗಿ ಹೇಳಿದರೆ ಅದೂ ಧರ್ಮ. ಆದರೆ ಅದೇ ಸಿಟ್ಟನ್ನು ನೆವ ಮಾಡಿಕೊಂಡು, ಪೇಟೆಯ ಮಳಿಗೆಯಲ್ಲಿ ರಸೀದಿಯಿಲ್ಲದೆ ವ್ಯಾಪಾರ ಮಾಡುವವನು, ಮನೆಯ ಅಳತೆಯನ್ನು ತಗ್ಗಿಸಿ ಬರೆಯುವವನು, ಕಚೇರಿಯಲ್ಲಿ ಮೇಜಿನ ಕೆಳಗೆ ಕೈ ನೀಡಿ ಸಲ್ಲತಕ್ಕುದನ್ನು ಅರ್ಧಕ್ಕಿಳಿಸಿಕೊಳ್ಳುವವನು, ಇವರು ಅನ್ಯಾಯವನ್ನು ಎದುರಿಸಿದವರಲ್ಲ, ಅದರಲ್ಲಿ ಪಾಲು ಪಡೆದವರು. ಲಂಚದ ಅಧಿಕಾರಿಯನ್ನು ಬೈಯುವ ನಾಲಗೆಯೂ, ಅವನಿಗೆ ಕೊಡುವ ಕೈಯೂ ಒಂದೇ ದೇಹದಲ್ಲಿರುವುದು ಎಷ್ಟು ಮನೆಗಳಲ್ಲಿ ಇಲ್ಲ?

ಕರ್ನಾಟಕದ ಪೌರಸಂಸ್ಥೆಗಳಲ್ಲಿ ಈಗ ಆಸ್ತಿ ತೆರಿಗೆಗೆ ಸ್ವಯಂ ಘೋಷಣೆಯ ಪದ್ಧತಿ ಇದೆ. ಗೃಹಸ್ಥನು ತನ್ನ ಕಟ್ಟಡದ ವಿಸ್ತೀರ್ಣವನ್ನು ತಾನೇ ಬರೆದು ತೆರಿಗೆಯನ್ನು ತಾನೇ ಗುಣಿಸಿ ಕಟ್ಟುತ್ತಾನೆ. ಅಂದರೆ ಪ್ರತಿಯೊಬ್ಬ ಗೃಹಸ್ಥನೂ ಅಷ್ಟರ ಮಟ್ಟಿಗೆ ಕರಣಿಕನೇ. ಅಧಿಕಾರಿಯಿಂದ ಯಾವ ಲೆಕ್ಕವನ್ನು ಅವನು ಬಯಸುವನೋ ಅದೇ ಲೆಕ್ಕವನ್ನು ಅವನೂ ಇಡಬೇಕಾಗಿದೆ.

ಆದುದರಿಂದ ಸದ್ಭಕ್ತರು ಸಲ್ಲತಕ್ಕುದನ್ನು ಪೂರ್ಣವಾಗಿ ಸಲ್ಲಿಸಿ ರಸೀದಿಯನ್ನು ಪಡೆಯಲಿ. ಸಲ್ಲದುದನ್ನು ಕೇಳಿದರೆ ಲಿಖಿತವಾಗಿ ಕಾರಣ ಕೇಳಲಿ. ತಮ್ಮೂರಿನ ಹಣವು ಏನಾಯಿತೆಂದು ಪ್ರತಿವರ್ಷ ವಿಚಾರಿಸಲಿ. ಅಧಿಕಾರದಲ್ಲಿರುವ ಭಕ್ತರು ಲೆಕ್ಕ ಕೇಳಿದವನ ಮೇಲೆ ಮುನಿಯದೆ ಪುಸ್ತಕವನ್ನು ತೆರೆದು ತೋರಿಸಲಿ. ಭಂಡಾರಿ ಬಸವಣ್ಣನವರ ಹೆಸರನ್ನು ಹೇಳಿಕೊಳ್ಳುವವರಿಗೆ ಇದಕ್ಕಿಂತ ಸುಲಭವಾದ ಗುರುಸೇವೆಯಿಲ್ಲ. ಇದಕ್ಕಿಂತ ಅಪರೂಪವಾದುದೂ ಇಲ್ಲ.