ಅವ್ವನ ಮೈಬಣ್ಣ

ಭಾವಚಿತ್ರ ಬರೆಯುವವನು ಸುಳ್ಳು ಹೇಳಬಹುದೇ? ಪ್ರಶ್ನೆ ಸಣ್ಣದೆಂದು ತೋರಬಹುದು. ತೀರಿಕೊಂಡವರ ಮುಖವನ್ನು ತುಸು ಬೆಳ್ಳಗೆ ಬರೆದರೆ ಯಾರಿಗೂ ನಷ್ಟವಿಲ್ಲ. ಮನೆಯವರಿಗೆ ಸಂತೋಷವೂ ಆಗುತ್ತದೆ. ಆದರೂ ಕಳೆದ ತಪಸ್ಸುಕಾಲದುದ್ದಕ್ಕೂ ಈ ಪ್ರಶ್ನೆ ನನ್ನನ್ನು ಕಾಡಿತು. ಏಕೆಂದರೆ ನಾನು ಬರೆಯಬೇಕಾಗಿದ್ದುದು ನಮ್ಮ ಅವ್ವನ ಮುಖವನ್ನು. ಬೆಳ್ಳಗೆ ಬರೆ ಎಂದು ಕೇಳಿದವಳು ನನ್ನ ಅಕ್ಕ.

ಅವ್ವ ದೈವಾಧೀನಳಾಗಿ 25 ವರ್ಷ ತುಂಬುವ ಬಲಿಪೂಜೆಯ ಹೊತ್ತಿಗೆ ಮನೆಯಲ್ಲಿ ಆಕೆಯದೊಂದು ಬಣ್ಣದ ಚಿತ್ರವಿರಲಿ ಎಂಬುದು ಎಲ್ಲರ ಆಸೆಯಾಗಿತ್ತು. ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು ನಾನಾದುದರಿಂದ ಕೆಲಸ ನನ್ನ ಪಾಲಿಗೆ ಬಂತು. ಅವ್ವನದೆಂದು ನಮ್ಮಲ್ಲಿ ಉಳಿದಿರುವುದು ಒಂದೇ ಕಪ್ಪುಬಿಳುಪು ಫೋಟೋ, ಪೇಟೆಯ ಸ್ಟುಡಿಯೋದಲ್ಲಿ ತೆಗೆಸಿದ್ದು. ಆ ಕಾಲದ ಸ್ಟುಡಿಯೋಗಳಲ್ಲಿ ‘ಟಚಪ್’ ಎಂಬ ಕೆಲಸವೊಂದಿತ್ತು. ನೆಗೆಟಿವ್ ಮೇಲೆ ಸೀಸದ ಪೆನ್ಸಿಲ್ಲಿನಿಂದ ನವಿರಾಗಿ ಗೀಚಿದರೆ ಆ ಭಾಗದಲ್ಲಿ ಬೆಳಕು ಕಡಿಮೆ ಹಾಯ್ದು, ಫೋಟೋದಲ್ಲಿ ಅಷ್ಟು ಜಾಗ ಬೆಳ್ಳಗೆ ಮೂಡುತ್ತಿತ್ತು. ಸುಕ್ಕು, ಕಲೆ, ಕಣ್ಣಿನ ಕೆಳಗಿನ ಕಪ್ಪು ಎಲ್ಲವೂ ಮಾಯ. ಫೋಟೋದೊಳಗಿನ ಅವ್ವನ ಕೆನ್ನೆ ಬೆಣ್ಣೆಯಂತಿದೆ. ಬಿಸಿಲಿನಲ್ಲಿ ಕಳೆ ಕೀಳುತ್ತಿದ್ದ ನಮ್ಮ ಅವ್ವನಾದರೋ ರಾಗಿಮುದ್ದೆಯ ಬಣ್ಣದವಳು.

“ಪೋಟೋದಾಗೆ ಹೆಂಗವಳೋ ಅಂಗೇ ಬೆಳ್ಳಗೆ ಬರಿಯೋ” ಎಂದಳು ಅಕ್ಕ.

“ಅವ್ವ ಹಂಗಿರಲಿಲ್ಲವಲ್ಲಕ್ಕ?”

“ಬದುಕಿರೋಗಂಟ ಕರಿಯವ್ವ ಅನ್ನಿಸ್ಕೊಂಡಳು. ಸತ್ತ ಮ್ಯಾಲಾದ್ರೂ ಬ್ಯಾಡ್ವಾ? ನೀನು ಗಂಡ್ಸು, ನಿಂಗೇನೋ ಗೊತ್ತು.”

ನನಗೆ ಉತ್ತರ ಹೊಳೆಯಲಿಲ್ಲ. ಅಕ್ಕನನ್ನು ನೋಡಲು ಬಂದ ಇಬ್ಬರು ವರಗಳು ಕಾಫಿ ಕುಡಿದು ಹೋದವರು ಮತ್ತೆ ಬರಲಿಲ್ಲ. ಮೂರನೆಯವರು ಬಣ್ಣದ ಕೊರತೆಯನ್ನು ವರದಕ್ಷಿಣೆಯಲ್ಲಿ ತುಂಬಿಕೊಂಡರು. ಆ ಲೆಕ್ಕ ಅವಳಿಗೆ ಗೊತ್ತು, ನನಗೆ ಗೊತ್ತಿಲ್ಲ. ನಾನೂ ಅಷ್ಟೇ ಕಪ್ಪು. ಆದರೆ ನನ್ನನ್ನು ಯಾರೂ ಅದಕ್ಕಾಗಿ ಬೇಡವೆನ್ನಲಿಲ್ಲ.

ಇನ್ನೂ ಒಂದನ್ನು ಒಪ್ಪಿಕೊಳ್ಳಬೇಕು. ತರಗತಿಯಲ್ಲಿ ಮಕ್ಕಳು “ಸಾರ್, ಸ್ಕಿನ್ ಕಲರ್ ಕೊಡಿ” ಎನ್ನುವಾಗ ನಾನು ಎಷ್ಟೋ ವರ್ಷ ಯೋಚಿಸದೆ ಡಬ್ಬಿಯಿಂದ ಆ ನಸುಗುಲಾಬಿ ಪೆನ್ಸಿಲನ್ನು ತೆಗೆದುಕೊಟ್ಟಿದ್ದೇನೆ. ಅದನ್ನು ಇಸಿದುಕೊಂಡ ಕೈ ಕಡುಗಂದು. ಅದು ಬರೆಯುತ್ತಿದ್ದ ಬಾಲಯೇಸು ಗುಲಾಬಿ. ಆ ಬಣ್ಣ ನಮ್ಮ ತರಗತಿಯ ಒಬ್ಬನ ಮೈಯಲ್ಲಿಯೂ ಇರಲಿಲ್ಲ. ಅಮೆರಿಕದ ಕ್ರೇಯೋಲಾ ಕಂಪನಿ ಅಂಥದೇ ಒಂದು ಬಣ್ಣಕ್ಕೆ ಇಟ್ಟಿದ್ದ ‘ಫ್ಲೆಶ್’ ಎಂಬ ಹೆಸರನ್ನು 1962ರಲ್ಲಿಯೇ ಬಿಟ್ಟು ‘ಪೀಚ್’ ಎಂದು ಕರೆಯಿತು. 2020ರಲ್ಲಿ ಜಗತ್ತಿನ ಜನರ ಮೈಬಣ್ಣಗಳಿಗೆಂದೇ 24 ಬಣ್ಣಗಳ ಪೆಟ್ಟಿಗೆಯೊಂದನ್ನು ಹೊರತಂದಿತು. ನಮ್ಮಲ್ಲಿ 1975ರಿಂದ ಮಾರಾಟವಾಗುತ್ತಿದ್ದ ‘ಫೇರ್ ಅಂಡ್ ಲವ್ಲಿ’ ಅದೇ 2020ರಲ್ಲಿ ಹೆಸರಿನಿಂದ ‘ಫೇರ್’ ಪದವನ್ನು ಕೈಬಿಟ್ಟಿತು. ಹೆಸರು ಬದಲಾಯಿಸುವುದು ಸುಲಭ. ವಧುವನ್ನು ನೋಡಲು ಹೋಗುವವರ ಕಣ್ಣು ಅಷ್ಟು ಬೇಗ ಬದಲಾಗದು.

ಬಣ್ಣದ ಪೆನ್ಸಿಲ್ಲಿನಲ್ಲಿ ನಿಜವಾದ ಮೈಬಣ್ಣ ಒಂದೇ ಕಡ್ಡಿಯಿಂದ ಎಂದೂ ಬಾರದು. ಜಲವರ್ಣದಂತೆ ತಟ್ಟೆಯಲ್ಲಿ ಕಲಸಿಕೊಳ್ಳುವ ಅನುಕೂಲ ಇಲ್ಲಿಲ್ಲ. ಬೆರಕೆಯೆಲ್ಲ ಕಾಗದದ ಮೇಲೆಯೇ, ಪದರದ ಮೇಲೆ ಪದರವಾಗಿ ಆಗಬೇಕು. ಕೈ ಹಗುರವಾಗಿರಬೇಕು. ಮೊದಲಿಗೇ ಒತ್ತಿ ತಿಕ್ಕಿದರೆ ಕಾಗದದ ತರಿ ಪೆನ್ಸಿಲ್ಲಿನ ಮೇಣದಿಂದ ಮುಚ್ಚಿಹೋಗಿ ಮುಂದಿನ ಬಣ್ಣ ಹಿಡಿಯುವುದಿಲ್ಲ. ಮೊದಲು ತೆಳುವಾಗಿ ಹಳದಿ ಮಣ್ಣಿನ ಬಣ್ಣ. ಅದರ ಮೇಲೆ ಕಾವಿ. ಕೆನ್ನೆ, ಮೂಗಿನ ತುದಿ, ಕಿವಿಗಳಲ್ಲಿ ರಕ್ತದ ಸುಳಿವಿರುವುದರಿಂದ ಅಲ್ಲಿ ಒಂದಿಷ್ಟು ಕೆಂಪು. ಹಣೆಯಲ್ಲಿ ಹಳದಿ ಹೆಚ್ಚು. ನೆರಳಿಗೆ ಕಪ್ಪು ಪೆನ್ಸಿಲ್ ಹಿಡಿಯುವುದು ಕಲಿಯುವವರೆಲ್ಲ ಮಾಡುವ ತಪ್ಪು. ಹಾಗೆ ಕಪ್ಪು ಹಚ್ಚಿದ ಮುಖ ಮಸಿ ಬಳಿದಂತೆ ಸತ್ತುಹೋಗುತ್ತದೆ. ನೆರಳಿಗೆ ಬೇಕಾದುದು ನೀಲಿ, ನೇರಳೆ, ಕೆಲವೊಮ್ಮೆ ಹಸಿರು. ಮುಖಕ್ಕೆ ಹಸಿರೇ ಎಂದು ಮಕ್ಕಳು ನಗುತ್ತಿದ್ದರು. ಹಚ್ಚಿ ತೋರಿಸಿದ ಮೇಲೆ ಸುಮ್ಮನಾಗುತ್ತಿದ್ದರು.

ಕಪ್ಪು ಮೈಬಣ್ಣ ಇನ್ನೂ ನಿಧಾನದ ಕೆಲಸ. ಹಳದಿ ಮಣ್ಣು, ಕಾವಿ, ಕೆಂಪು ಎಲ್ಲವೂ ಇಲ್ಲಿಯೂ ಇರಬೇಕು. ಅವುಗಳ ಮೇಲೆ ಕಡುಗಂದು, ನೇರಳೆ, ಕಡುನೀಲಿಗಳನ್ನು ಮತ್ತೆ ಮತ್ತೆ ತೆಳುವಾಗಿ ಹಾಯಿಸಬೇಕು. ಅಡಿಯ ಕೆಂಪನ್ನು ಬಿಟ್ಟುಬಿಟ್ಟರೆ ಮುಖ ಬೂದಿಯಾಗುತ್ತದೆ. ಹಣೆಯ ಮೇಲೆ ಹೊಳೆಯುವ ಬೆಳಕೂ ಬರಿಯ ಬಿಳುಪಲ್ಲ. ಕಿಟಕಿಯಾಚೆ ಆಕಾಶವಿದ್ದರೆ ಅದು ನಸುನೀಲಿ. ಆ ಜಾಗವನ್ನು ಮೊದಲೇ ಬಿಟ್ಟುಕೊಂಡಿರಬೇಕು, ಆಮೇಲೆ ಬಿಳಿ ಪೆನ್ಸಿಲ್ ತಿಕ್ಕಿ ತರಲಾಗದು. ಬೆಳ್ಳಗಿರುವವರಿಗೂ ಕಪ್ಪಗಿರುವವರಿಗೂ ನಾನು ಡಬ್ಬಿಯಿಂದ ತೆಗೆಯುವುದು ಬಹುಮಟ್ಟಿಗೆ ಅವೇ ಪೆನ್ಸಿಲ್ಲುಗಳನ್ನು. ವಿಜ್ಞಾನ ಹೇಳುವುದೂ ಇದರಿಂದ ದೂರವಿಲ್ಲ. ಮೈಬಣ್ಣ ಕೊಡುವ ಮೆಲನಿನ್ ಎಂಬ ವಸ್ತುವನ್ನು ತಯಾರಿಸುವ ಜೀವಕೋಶಗಳ ಸಂಖ್ಯೆ ಎಲ್ಲ ಮನುಷ್ಯರಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಅವು ತಯಾರಿಸುವ ಮೆಲನಿನ್ನಿನ ಪ್ರಮಾಣದಲ್ಲಿ ಮತ್ತು ಬಗೆಯಲ್ಲಿ.

ಇಷ್ಟೆಲ್ಲ ಬಲ್ಲವನಿಗೆ ಅವ್ವನನ್ನು ಇದ್ದಂತೆ ಬರೆಯುವುದು ಕಷ್ಟವಾಗಿರಲಿಲ್ಲ. ಕಷ್ಟವಾದುದು ಅಕ್ಕನ ಮಾತನ್ನು ಮೀರುವುದು. ಸುಳ್ಳುಸಾಕ್ಷಿ ಹೇಳಬಾರದೆಂಬುದು ಎಂಟನೆಯ ಕಟ್ಟಳೆ, ನಿಜ. ಮುಖಸ್ತುತಿಯ ದೋಷವನ್ನೂ ಧರ್ಮಸಭೆ ಅದೇ ಕಟ್ಟಳೆಯಡಿಯಲ್ಲಿ ಬೋಧಿಸುತ್ತದೆ. ಆದರೆ ಅಕ್ಕ ಕೇಳಿದ್ದು ಮುಖಸ್ತುತಿಯನ್ನಲ್ಲ. ಬದುಕಿರುವಾಗ ಅವ್ವನಿಗೆ ಸಲ್ಲದ ಮರ್ಯಾದೆಯನ್ನು ಈಗಲಾದರೂ ಸಲ್ಲಿಸು ಎಂದು ಕೇಳಿದ್ದಳು. ಸತ್ಯ ಹೇಳುತ್ತೇನೆಂಬ ಹಮ್ಮಿನಲ್ಲಿ ಅವಳ ನೋವನ್ನು ತುಳಿಯುವ ಅಧಿಕಾರ ನನಗಿದೆಯೇ? ಮತ್ತೊಂದು ಕಡೆ, ಬೆಳ್ಳಗೆ ಬರೆದೆನಾದರೆ ಅವ್ವನನ್ನು ಹಂಗಿಸಿದವರೇ ಸರಿಯೆಂದು ಆಕೆಯ ಮಗನೇ ರುಜು ಹಾಕಿದಂತಾಗುವುದಿಲ್ಲವೇ? ಬೆಳ್ಳಗಿರುವ ಆ ಹೆಂಗಸಿಗೆ ಹೂವು ಮುಡಿಸಿ ಮೇಣದ ಬತ್ತಿ ಹಚ್ಚಿದರೆ ನಾವು ಹಚ್ಚಿದ್ದು ಯಾರ ಮುಂದೆ?

ಪವಿತ್ರವಾದುದು ಬೆಳ್ಳಗಿರಬೇಕೆಂಬ ಭಾವನೆ ನಮಗೆ ಮದುವೆಯ ಮಾತುಕತೆಯಿಂದ ಮಾತ್ರ ಬಂದುದಲ್ಲ. ನಾವು ಕಣ್ಣೆತ್ತಿ ನೋಡಿ ಬೆಳೆದ ಸಂತರ ಸ್ವರೂಪಗಳು, ಕ್ಯಾಲೆಂಡರಿನ ಪಟಗಳು ಬಹುಪಾಲು ಯೂರೋಪಿನ ಮುಖಗಳೇ. ಅವನ್ನು ಮಾಡಿದ ಭಕ್ತರು ತಮ್ಮ ಊರಿನ ಮುಖಗಳನ್ನು ಬರೆದರು, ಅದರಲ್ಲಿ ತಪ್ಪೇನಿಲ್ಲ. ನಾವು ನಮ್ಮ ಊರಿನ ಮುಖ ಬರೆಯಲು ಅಂಜಿದ್ದು ಬೇರೆ ಮಾತು. 1902ರಲ್ಲಿ ಗೋವೆಯಲ್ಲಿ ಜನಿಸಿದ ಆಂಜೆಲೊ ದ ಫೊನ್ಸೆಕ ಶಾಂತಿನಿಕೇತನದಲ್ಲಿ ಕಲಿತು ಬಂದು, ಮಾತೆ ಮರಿಯಮ್ಮನವರನ್ನು ಸೀರೆಯುಟ್ಟ ಕಂದುಬಣ್ಣದ ತಾಯಿಯಾಗಿ ಚಿತ್ರಿಸಿದರು. ತಮ್ಮವರಿಂದಲೇ ಕಟುವಾದ ಟೀಕೆ ಕೇಳಬೇಕಾಯಿತು. ಗೋವೆಯನ್ನು ಬಿಟ್ಟು ಪುಣೆಯಲ್ಲಿ ನೆಲೆಸಿ 1967ರಲ್ಲಿ ತೀರಿಕೊಳ್ಳುವವರೆಗೂ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ.

ಪರಮಗೀತೆಯ ಮೊದಲಲ್ಲಿ ವಧು ತನ್ನ ಕಪ್ಪನ್ನೂ ಚೆಲುವನ್ನೂ ಒಟ್ಟಿಗೇ ಹೇಳಿಕೊಳ್ಳುತ್ತಾಳೆ. ಹೀಬ್ರೂ ಮೂಲದಲ್ಲಿ ಆ ಎರಡರ ನಡುವೆ ಇರುವ ಒಂದಕ್ಷರವನ್ನು ‘ಮತ್ತು’ ಎಂದೂ ‘ಆದರೆ’ ಎಂದೂ ಅರ್ಥಮಾಡಬಹುದು. ಹಳೆಯ ಗ್ರೀಕ್ ಅನುವಾದ ‘ಮತ್ತು’ ಎಂದಿತು. ಲ್ಯಾಟಿನ್ ಅನುವಾದ ‘ಆದರೆ’ ಎಂದಿತು. ಹುಡುಗಿ ಕಪ್ಪು, ಆದರೆ ಲಕ್ಷಣವಾಗಿದ್ದಾಳೆ ಎಂದು ನಮ್ಮ ಜಗಲಿಯಲ್ಲಿ ಕುಳಿತು ಹೇಳಿದ ಮಧ್ಯಸ್ಥರಿಗೆ ಲ್ಯಾಟಿನ್ ಬರುತ್ತಿರಲಿಲ್ಲ!

ಅರಣ್ಯಕಾಂಡದ 12ನೆಯ ಅಧ್ಯಾಯವೂ ನೆನಪಾಗುತ್ತದೆ. ಮೋಶೆ ಕೂಷ್ ನಾಡಿನ ಹೆಣ್ಣನ್ನು ಮದುವೆಯಾದುದಕ್ಕೆ ಅಕ್ಕ ಮಿರ್ಯಾಮಳು ಅವನ ವಿರುದ್ಧ ಮಾತನಾಡಿದಳು. ಕೂಷ್ ಎಂದರೆ ಈಜಿಪ್ಟಿನ ದಕ್ಷಿಣಕ್ಕಿರುವ, ಕಪ್ಪು ಜನರ ನಾಡು. ಆಕ್ಷೇಪಣೆಗೆ ಬಣ್ಣವೇ ಕಾರಣವೆಂದು ಗ್ರಂಥ ಹೇಳುವುದಿಲ್ಲ. ಹೇಳಿತೆಂದು ನಾನೂ ಹೇಳಲಾರೆ. ಆದರೆ ಮಿರ್ಯಾಮಳಿಗೆ ಬಂದ ಶಿಕ್ಷೆ ಏನು? ಆಕೆಯ ಚರ್ಮ ಕುಷ್ಠದಿಂದ ಹಿಮದಂತೆ ಬೆಳ್ಳಗಾಯಿತು. ಏಳು ದಿನ ಪಾಳೆಯದ ಹೊರಗೆ ಇರಬೇಕಾಯಿತು.

ನನ್ನ ಮನಸ್ಸನ್ನು ಕೊನೆಗೆ ಒಂದು ಕಡೆ ನಿಲ್ಲಿಸಿದ್ದು ಪಾಸ್ಕದ ನಂತರದ ಭಾನುವಾರ ಓದುವ ಶುಭಸಂದೇಶ. ಪುನರುತ್ಥಾನರಾದ ಪ್ರಭು ತೋಮನಿಗೆ ತೋರಿಸಿದ್ದು ಗಾಯಗಳನ್ನು. ಮಹಿಮೆಯ ದೇಹದಲ್ಲೂ ಆ ಗುರುತುಗಳು ಉಳಿದಿದ್ದವು. ಅಲ್ಲಿ ಟಚಪ್ ಆಗಿರಲಿಲ್ಲ. ಮಗ್ದಲದ ಮರಿಯಳು ಅದೇ ಪ್ರಭುವನ್ನು ನೋಡಿ ತೋಟಗಾರನೆಂದುಕೊಂಡಳಲ್ಲ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆದರೂ ದೇಹದ ಪುನರುತ್ಥಾನವನ್ನು ವಿಶ್ವಾಸಿಸುತ್ತೇನೆಂದು ಪ್ರತಿ ಭಾನುವಾರ ಹೇಳುವ ನಾನು, ಬಿಸಿಲುಂಡ ಆ ಮುಖವೇ ಎದುರಾಗಲಿ ಎಂದು ಬಯಸುತ್ತೇನೆ.

ಫೋಟೋದಲ್ಲಿ ಬಣ್ಣವಿರಲಿಲ್ಲ, ಅಕ್ಕನಲ್ಲಿತ್ತು. ಅವಳನ್ನು ಕರೆದು ಕಿಟಕಿಯ ಬಳಿ ಕೂರಿಸಿ, ಮುಂಗೈಯನ್ನು ಮೇಜಿನ ಮೇಲಿಡಲು ಹೇಳಿದೆ. “ಅವ್ವನ ಬಣ್ಣ ನಿನಗೇ ಬಂದಿರೋದು” ಎಂದೆ. ಏನೂ ಮಾತನಾಡಲಿಲ್ಲ. ಒಂದು ತುಂಡು ಕಾಗದವನ್ನು ಅವಳ ಕೈಯ ಪಕ್ಕ ಇಟ್ಟುಕೊಂಡು ಒಂದೊಂದೇ ಪೆನ್ಸಿಲ್ ಹಚ್ಚಿ ಹೋಲಿಸುತ್ತ ಹೋದೆ. ಮೂರು ದಿನ, ಬೆಳಗಿನ ಹೊತ್ತು ಹೀಗೆಯೇ ಕುಳಿತೆವು. ನೇರಳೆ ಹಿಡಿದಾಗ ಒಮ್ಮೆ ಕೈ ತಿರುಗಿಸಿ ತಾನೂ ನೋಡಿಕೊಂಡಳು.

ಮೂರನೆಯ ದಿನ ಚಿತ್ರವನ್ನು ಬಹಳ ಹೊತ್ತು ದಿಟ್ಟಿಸಿ, “ಕಿವಿ ಬೋಳಾಗೈತೆ. ಓಲೆ ಬರಿ, ಚಿನ್ನದ್ದು” ಎಂದಳು.

ಫೋಟೋದಲ್ಲಿ ಓಲೆಯಿಲ್ಲ. ಅದು ತೆಗೆಸುವ ಮೊದಲೇ ಅವ್ವ ಓಲೆಗಳನ್ನು ನನ್ನ ಚಿತ್ರಕಲಾ ಕೋರ್ಸಿನ ಫೀಸಿಗಾಗಿ ಅಡವಿಟ್ಟಿದ್ದಳು; ಬಿಡಿಸಿಕೊಳ್ಳಲು ಆಗಲೇ ಇಲ್ಲ. ಇದ್ದಂತೆಯೇ ಬರೆಯುತ್ತೇನೆಂದು ಪಟ್ಟು ಹಿಡಿದಿದ್ದ ನಾನು ಈ ಸಲ ಎದುರು ಮಾತನಾಡದೆ ಬರೆದೆ. ಚಿನ್ನಕ್ಕೆ ಬೇರೆ ಪೆನ್ಸಿಲ್ ಬೇಕಾಗಲಿಲ್ಲ. ಹಳದಿ ಮಣ್ಣು, ಕಾವಿ, ನೆರಳಿಗೆ ಒಂದಿಷ್ಟು ನೇರಳೆ. ಮೇಜಿನ ಮೇಲೆ ಹರಡಿದ್ದವೇ ಸಾಕಾದವು.