ತೆರಿಗೆ, ದಾನ ಮತ್ತು ನೆರೆಯ ಋಣ

ಶ್ರಾವಕನ ಷಟ್ಕರ್ಮಗಳಲ್ಲಿ ದೇವಪೂಜೆ, ಗುರೂಪಾಸನೆ, ಸ್ವಾಧ್ಯಾಯ, ಸಂಯಮ, ತಪಸ್ಸುಗಳೊಡನೆ ದಾನಕ್ಕೂ ಸ್ಥಾನವಿದೆ. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನದ ಹೆಸರನ್ನು ಕೇಳದ ಜೈನ ಮನೆ ಇರಲಾರದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು ಇಂದಿಗೂ ಗೌರವದಿಂದ ಸ್ಮರಿಸಲ್ಪಡುತ್ತದೆ. ಆದರೆ ತೆರಿಗೆಯ ಮಾತು ಬಂದೊಡನೆ ಅದೇ ಮನೆಗಳಲ್ಲಿ ಧ್ವನಿ ಬದಲಾಗುವುದುಂಟು. ದಾನವಾಗಿ ಕೊಟ್ಟದ್ದು ಪುಣ್ಯ, ತೆರಿಗೆಯಾಗಿ ಕೊಟ್ಟದ್ದು ನಷ್ಟ ಎಂಬ ಎಣಿಕೆ ವ್ಯಾಪಾರಿ ಸಮಾಜಗಳಲ್ಲಿ ಬೇರೂರಿದೆ. ಈ ಎಣಿಕೆ ಧರ್ಮಸಮ್ಮತವೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ರಾಜಕೀಯ ಚಿಂತನೆಯಲ್ಲಿ ಈ ಕುರಿತು ಎರಡು ಪಕ್ಷಗಳಿವೆ. ದುಡಿದವನ ಸಂಪತ್ತು ಅವನದೇ, ಅದನ್ನು ಬಲವಂತದಿಂದ ಪಡೆಯುವುದು ಅನ್ಯಾಯ, ಬಡವರ ಸಹಾಯ ಉಳ್ಳವರ ಔದಾರ್ಯಕ್ಕೆ ಬಿಟ್ಟದ್ದು ಎಂಬುದು ಒಂದು ಪಕ್ಷ. ಅಮೆರಿಕದ ತತ್ತ್ವಜ್ಞ ರಾಬರ್ಟ್ ನೋಜಿಕ್ 1974ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ದುಡಿಮೆಯ ಮೇಲಿನ ತೆರಿಗೆಯನ್ನು ಬಿಟ್ಟಿದುಡಿಮೆಗೆ ಸಮನೆಂದು ವಾದಿಸಿದನು. ತೆರಿಗೆ ಕೊಟ್ಟ ಮೇಲೆ ಪ್ರಜೆಯ ಹೊಣೆ ತೀರಿತು, ನೆರೆಯವನ ಹಸಿವು, ರೋಗ, ಅನಾಥತೆಗಳು ಸರಕಾರದ ಕೆಲಸ ಎಂಬುದು ಇನ್ನೊಂದು ಪಕ್ಷ. ಇವೆರಡೂ ಪರಸ್ಪರ ವಿರುದ್ಧವಾಗಿ ಕಂಡರೂ ಒಂದೇ ತಪ್ಪಿನ ಮೇಲೆ ನಿಂತಿವೆ. ದಾನದಿಂದ ತೆರಿಗೆಯ ಋಣ ತೀರುತ್ತದೆಂದು ಒಂದು, ತೆರಿಗೆಯಿಂದ ದಾನದ ಕರ್ತವ್ಯ ತೀರುತ್ತದೆಂದು ಇನ್ನೊಂದು ಭಾವಿಸುತ್ತದೆ. ಶಾಸ್ತ್ರದೃಷ್ಟಿಯಲ್ಲಿ ಇವೆರಡೂ ನಿಲ್ಲುವುದಿಲ್ಲ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ವಿರುದ್ಧರಾಜ್ಯಾತಿಕ್ರಮವನ್ನು ಅವುಗಳಲ್ಲಿ ಸೇರಿಸಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದೇ ಸ್ಥಾನದಲ್ಲಿ ವಿಲೋಪವೆಂಬ ಪದವನ್ನು ಬಳಸಿದ್ದಾರೆ. ನ್ಯಾಯೋಚಿತವಾದ ಮಾರ್ಗವನ್ನು ಬಿಟ್ಟು ಬೇರೆ ರೀತಿಯಲ್ಲಿ ಕೊಡುವುದೂ ಕೊಳ್ಳುವುದೂ ಅತಿಕ್ರಮವೆಂದು ಪೂಜ್ಯಪಾದರ ಸರ್ವಾರ್ಥಸಿದ್ಧಿ ವಿವರಿಸುತ್ತದೆ. ಇಲ್ಲಿ ಗಮನಿಸಬೇಕಾದದ್ದು ಈ ದೋಷವು ನಿಂತಿರುವ ಸ್ಥಾನ. ಕಳ್ಳತನದ ಪ್ರೇರಣೆ, ಕದ್ದ ಮಾಲಿನ ಸ್ವೀಕಾರ, ಸುಳ್ಳು ತೂಕ, ಕಲಬೆರಕೆ ಇವುಗಳ ಸಾಲಿನಲ್ಲೇ ಅದು ಬರುತ್ತದೆ. ಆಚಾರ್ಯರು ಅದನ್ನು ರಾಜಭಕ್ತಿಯ ಕೊರತೆಯೆಂದು ಎಣಿಸದೆ ಕಳವಿನ ಒಂದು ರೂಪವೆಂದೇ ಎಣಿಸಿದರು. ಸಲ್ಲಬೇಕಾದ ತೆರಿಗೆಯನ್ನು ಮರೆಮಾಚುವುದಕ್ಕೂ ತಕ್ಕಡಿಯನ್ನು ಒತ್ತಿ ತೂಗುವುದಕ್ಕೂ ಹೆಚ್ಚು ಅಂತರವಿಲ್ಲ.

ಅದೇ ಅಧ್ಯಾಯದಲ್ಲಿ ದಾನದ ಲಕ್ಷಣವೂ ಬರುತ್ತದೆ. ಅನುಗ್ರಹಕ್ಕಾಗಿ ತನ್ನದನ್ನು ತ್ಯಜಿಸುವುದು ದಾನ. ಇಲ್ಲಿ ‘ತನ್ನದು’ ಎಂಬ ಮಾತಿನ ಭಾರವನ್ನು ಮರೆಯಲಾಗದು. ಸಮಾಜಕ್ಕೆ ಸಲ್ಲಬೇಕಾದ ಪಾಲನ್ನು ಬಚ್ಚಿಟ್ಟು, ಅದರಲ್ಲೊಂದಂಶವನ್ನು ಅಭಿಷೇಕದ ಕಳಶದ ಸವಾಲಿನಲ್ಲಿ ಕೂಗಿದರೆ, ದಾತೃವು ತನ್ನದಲ್ಲದ್ದನ್ನು ತನ್ನ ಹೆಸರಿನಲ್ಲಿ ಕೊಟ್ಟಂತಾಯಿತು. ಹೆಸರು ಶಿಲಾಫಲಕದ ಮೇಲೆ ಬರಬಹುದು, ದಾನದ ಲಕ್ಷಣ ಅಲ್ಲಿಗೆ ಬರುವುದಿಲ್ಲ.

ಧರ್ಮಕಾರ್ಯಕ್ಕೂ ಕರಕ್ಕೂ ಇದ್ದ ಸಂಬಂಧವನ್ನು ಶ್ರವಣಬೆಳಗೊಳದ ಶಾಸನಗಳೇ ತೋರಿಸುತ್ತವೆ. ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿ ಹುಳ್ಳನು 1159ರಲ್ಲಿ ಕಟ್ಟಿಸಿದ ಭಂಡಾರಿ ಬಸದಿಗೆ ಅರಸನು ಸವಣೇರು ಗ್ರಾಮವನ್ನು ಬಿಟ್ಟುಕೊಟ್ಟನು. ಬಸದಿಯ ನಿತ್ಯಪೂಜೆಯ ಹಿಂದೆ ಆ ಊರಿನ ಒಕ್ಕಲಿನ ಬೆವರೂ ಇತ್ತೆಂಬುದು ಇದರ ಅರ್ಥ. ಇದಕ್ಕಿಂತಲೂ ಮನನೀಯವಾದುದು 1368ರ ಬುಕ್ಕರಾಯನ ಶಾಸನ. ಆನೆಗೊಂದಿ, ಪೆನುಗೊಂಡೆ ಮೊದಲಾದ ಸ್ಥಳಗಳ ಜೈನರು ತಮಗೂ ಶ್ರೀವೈಷ್ಣವರಿಗೂ ಒದಗಿದ ವಿವಾದವನ್ನು ಅರಸನ ಮುಂದಿಟ್ಟಾಗ, ಅವನು ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿ ಇಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಮಾತು ಅಲ್ಲಿಗೇ ನಿಲ್ಲಲಿಲ್ಲ. ರಾಜ್ಯದ ಜೈನರೆಲ್ಲರೂ ಒಪ್ಪಿ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು, ಆ ಹೊನ್ನಿನಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು, ಉಳಿದದ್ದರಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು ಎಂದು ಕಟ್ಟಳೆಯಾಯಿತು. ಅದನ್ನು ಮೀರಿದವನನ್ನು ರಾಜದ್ರೋಹಿ ಮಾತ್ರವಲ್ಲ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ ಎಂದು ಶಾಸನ ಕರೆಯುತ್ತದೆ.

ಆ ಕಾಲದಲ್ಲೂ ಸಮಾಜದಲ್ಲಿ ಧನಿಕರಿದ್ದರು. ಇಪ್ಪತ್ತು ಕಾವಲುಗಾರರ ವೆಚ್ಚವನ್ನು ಒಬ್ಬಿಬ್ಬರು ದಾನಿಗಳೇ ಹೊರಬಹುದಾಗಿತ್ತು. ಆದರೂ ಕಾವಲನ್ನು ಯಾರೊಬ್ಬರ ಔದಾರ್ಯಕ್ಕೆ ಬಿಡಲಿಲ್ಲ. ದಾನಿಯ ಮನಸ್ಸು ಇಂದು ಇದ್ದಂತೆ ನಾಳೆ ಇರಲಾರದು, ಆದರೆ ಕಾವಲು ಪ್ರತಿ ರಾತ್ರಿಯೂ ಬೇಕು. ಎಲ್ಲರಿಗೂ ಬೇಕಾದದ್ದಕ್ಕೆ ಎಲ್ಲರ ಬಾಗಿಲಿನಿಂದಲೂ ಪಾಲು ಬರಬೇಕೆಂಬುದೇ ಕರದ ತತ್ತ್ವ. ಆ ಹೊಣೆಯನ್ನು ನೆರೆಯವನ ಕೈಗೇ ಒಪ್ಪಿಸಿದ್ದು ಶಾಸನದ ಇನ್ನೊಂದು ಹಿರಿಮೆ.

ಸರಕಾರವೇ ಅನ್ಯಾಯವಾಗಿ ತೆರಿಗೆ ಹೇರಿದರೆ, ಸಂಗ್ರಹಿಸಿದ್ದನ್ನು ಪೋಲುಮಾಡಿದರೆ ಏನು ಮಾಡಬೇಕು ಎಂಬ ಆಕ್ಷೇಪ ನಿರಾಧಾರವಲ್ಲ. ಭಾರತದಲ್ಲಿ 1973–74ರಲ್ಲಿ ಆದಾಯ ತೆರಿಗೆಯ ಅತ್ಯುಚ್ಚ ದರವು ಸರ್ಚಾರ್ಜ್ ಸೇರಿ ಶೇಕಡ 97.75ರಷ್ಟಿತ್ತು. ಅಂಥ ದರ ಪ್ರಾಮಾಣಿಕನನ್ನೂ ಎರಡು ಲೆಕ್ಕದ ಪುಸ್ತಕಗಳತ್ತ ತಳ್ಳುವಂಥದು. ಆದರೆ ಆ ದರ ಇಳಿದದ್ದು ಬಹಿರಂಗ ಚರ್ಚೆಯಿಂದ, ಸಮಿತಿಗಳ ಶಿಫಾರಸಿನಿಂದ, ಸಂಸತ್ತಿನ ತೀರ್ಮಾನದಿಂದ. ಕಾನೂನು ಸರಿಯಿಲ್ಲವೆಂದು ಬೆಳಕಿನಲ್ಲಿ ವಾದಿಸುವುದು ಪ್ರಜೆಯ ಧರ್ಮ, ಕತ್ತಲೆಯಲ್ಲಿ ತಪ್ಪಿಸಿಕೊಳ್ಳುವುದು ಅತಿಚಾರ. ಹತ್ತನೆಯ ಶತಮಾನದ ಸೋಮದೇವಸೂರಿಗಳು ನೀತಿವಾಕ್ಯಾಮೃತದಲ್ಲಿ ಕೋಶಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾರೆ. ರಾಜ್ಯದ ಬೊಕ್ಕಸ ಜೈನ ಮುನಿಯ ಚಿಂತನೆಗೂ ಹೊರಗಾಗಿರಲಿಲ್ಲ. ಮೇಲಾಗಿ, ತಪ್ಪಿಸಿಕೊಂಡವನ ಪಾಲು ಗಾಳಿಯಲ್ಲಿ ಕರಗುವುದಿಲ್ಲ. ಸಂಬಳ ಕೈಸೇರುವ ಮೊದಲೇ ತೆರಿಗೆ ಮುರಿಸಿಕೊಳ್ಳುವ ಶಿಕ್ಷಕನ ಮೇಲೆ, ಒಂದು ಸಾಬೂನು ಕೊಂಡರೂ ಜಿಎಸ್‌ಟಿ ತೆರುವ ಕೂಲಿಯವಳ ಮೇಲೆ ಅದು ಬೀಳುತ್ತದೆ.

ಹಾಗೆಂದು ತೆರಿಗೆ ಕಟ್ಟಿದವನು ನಿಶ್ಚಿಂತನಾಗಿ ಬಾಗಿಲು ಮುಚ್ಚಿಕೊಳ್ಳುವಂತಿಲ್ಲ. ತೆರಿಗೆ ಆಸ್ಪತ್ರೆಯನ್ನು ಕಟ್ಟಬಲ್ಲದು. ರಾತ್ರಿ ರೋಗಿಯ ಹಾಸಿಗೆಯ ಪಕ್ಕದಲ್ಲಿ ಕೂರಲಾರದು. ಪಕ್ಕದ ಮನೆಯ ಒಂಟಿ ಮುದುಕಿ ಎರಡು ದಿನದಿಂದ ಒಲೆ ಹಚ್ಚಿಲ್ಲವೆಂಬುದು ಕಚೇರಿಯ ಕಡತಕ್ಕೆ ತಿಳಿಯುವ ಮೊದಲು ನೆರೆಯವರಿಗೆ ತಿಳಿಯಬೇಕು. ಅಲ್ಲದೆ ಅನುಗ್ರಹವೆಂದರೆ ತನಗೂ ಪರರಿಗೂ ಆಗುವ ಉಪಕಾರವೆಂದು ಪೂಜ್ಯಪಾದರು ಅರ್ಥೈಸಿದ್ದಾರೆ. ಪಡೆದವನ ಹಸಿವು ತಣಿಯುವಂತೆ ಕೊಟ್ಟವನ ಲೋಭವೂ ಕರಗಬೇಕು. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಲಾಭದ ಶೇಕಡ 2ರಷ್ಟನ್ನು ಸಮಾಜಕಾರ್ಯಕ್ಕೆ ವ್ಯಯಿಸಬೇಕೆಂದು ವಿಧಿಸಿತು. ಅದರಿಂದ ಶಾಲೆಗಳಾಗಿವೆ, ಶೌಚಾಲಯಗಳಾಗಿವೆ, ಅದು ಒಳ್ಳೆಯದೇ. ಆದರೆ ಲೋಭವನ್ನು ಕರಗಿಸುವ ಕಾಯ್ದೆಯಿಲ್ಲ. ಅದು ಪರಿಗ್ರಹಪರಿಮಾಣ ವ್ರತದ ಕೆಲಸ.

ಈ ವಿಚಾರದಿಂದ ಬಸದಿಗಳ ಮತ್ತು ಟ್ರಸ್ಟುಗಳ ಆಡಳಿತಕ್ಕೂ ಎರಡು ಕರ್ತವ್ಯಗಳು ಒದಗುತ್ತವೆ. ಮೊದಲನೆಯದು, ರಸೀದಿ ಬೇಡವೆನ್ನುವ ದೊಡ್ಡ ಮೊತ್ತವನ್ನು ವಿನಯದಿಂದಲೇ ನಿರಾಕರಿಸುವುದು. 80ಜಿ ರಿಯಾಯಿತಿಗೆ ಅರ್ಹವಾದ ನಗದು ದಾನದ ಮಿತಿಯನ್ನು 2017ರಲ್ಲಿ 10,000 ರೂಪಾಯಿಗಳಿಂದ 2,000 ರೂಪಾಯಿಗಳಿಗೆ ಇಳಿಸಿದ್ದು ಕಾನೂನಿನ ಎಚ್ಚರಿಕೆ. ಧರ್ಮಸಂಸ್ಥೆಯ ಎಚ್ಚರ ಅದಕ್ಕಿಂತ ಮಿಗಿಲಾಗಿರಬೇಕು, ಏಕೆಂದರೆ ಕದ್ದ ಮಾಲಿನ ಸ್ವೀಕಾರವೂ ಅತಿಚಾರಗಳಲ್ಲಿ ಒಂದು. ಎರಡನೆಯದು, ಟ್ರಸ್ಟಿಗೆ ದೊರೆತ ತೆರಿಗೆ ವಿನಾಯಿತಿಯ ಭಾರವನ್ನು ಊರಿನ ಎಲ್ಲ ಜಾತಿಮತಗಳ ಜನರೂ ಹೊರುತ್ತಾರೆಂಬ ಅರಿವು. ಆದುದರಿಂದ ಅದರ ಔಷಧಾಲಯ, ವಿದ್ಯಾರ್ಥಿನಿಲಯ, ಅನ್ನಛತ್ರಗಳ ಬಾಗಿಲು ಆ ನೆರೆಯವರಿಗೂ ತೆರೆದಿರುವುದು ಕೃಪೆಯಲ್ಲ, ಋಣಪರಿಹಾರ.

ಋಣವನ್ನು ಸಲ್ಲಿಸಿದ ಬಳಿಕ ಉಳಿದದ್ದು ತನ್ನದು. ತನ್ನದರಲ್ಲಿ ಕೊಟ್ಟದ್ದು ದಾನ. ಈ ಕ್ರಮವನ್ನು ಶ್ರಾವಕನು ತನ್ನ ಲೆಕ್ಕದ ಪುಸ್ತಕದಲ್ಲಿಯೂ ಪಾಲಿಸಿದರೆ, ಅವನು ಕೂಗಿದ ಕಳಶ ಚಿಕ್ಕದಾಗಿದ್ದರೂ ಅವನ ವ್ರತಕ್ಕೆ ಕುಂದಿಲ್ಲ.