ಬಹುವಚನದ ಸಾಲ

ವನಗೂರಿನಲ್ಲಿ ಆಷಾಢದ ಮಳೆ ಹಿಡಿದರೆ ಅದು ಯಾವಾಗ ಬಿಡುತ್ತದೆ ಎಂದು ಯಾರೂ ಕೇಳುವುದಿಲ್ಲ. ಅಂಥದೊಂದು ಸಂಜೆ, ಕರೆಂಟು ಹೋಗಿ ಎರಡನೇ ದಿನ, ಊರಿನ ಒಬ್ಬರು ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ನಮ್ಮ ಜಗಲಿಗೆ ಬಂದರು. ಕೊಪ್ಪೆಯ ನೀರು ಕೊಡವಿ, ಎದೆಗೊತ್ತಿಕೊಂಡಿದ್ದ ಗೊಬ್ಬರದ ಚೀಲವನ್ನು ಬಿಚ್ಚಿದರು. ಒಳಗೆ ಪಹಣಿ, ಮಗಳ ಪಿಯುಸಿ ಅಂಕಪಟ್ಟಿ, ಸಿಇಟಿಯಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕ ಕಾಗದ, ಬ್ಯಾಂಕಿನ ಅರ್ಜಿ. ಒಂದೂ ಒದ್ದೆಯಾಗಿರಲಿಲ್ಲ.

"ಮೇಷ್ಟ್ರೇ, ನಿಮ್ಮದೊಂದು ಸೈನ್ ಆಗ್ಬೇಕಿತ್ತು."

ಆರು ಲಕ್ಷದ ಶಿಕ್ಷಣ ಸಾಲಕ್ಕೆ ಜಾಮೀನು. ಏಳೂವರೆ ಲಕ್ಷದವರೆಗಿನ ಸಾಲಕ್ಕೆ ಜಾಮೀನು ಕೇಳುವ ಅಗತ್ಯವಿಲ್ಲದಂತೆ 2015ರಲ್ಲೇ ಕೇಂದ್ರ ಸರ್ಕಾರ ಸಾಲ ಖಾತರಿ ನಿಧಿ ಮಾಡಿದೆ. ಆದರೂ ಶಾಖೆಯಲ್ಲಿ "ಯಾರಾದ್ರೂ ಸಂಬಳದವರನ್ನ ಕರ್ಕೊಂಡು ಬನ್ನಿ" ಎಂದಿದ್ದರಂತೆ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತನಾದವನು, ಪಿಂಚಣಿ ಬರುತ್ತದೆ. ಅವರ ಮಗ ಸುತ್ತಿನ ಹತ್ತಾರು ತೋಟಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ರಿಪೇರಿ ಮಾಡುತ್ತಾನೆ, ಮೋಟರು ಸುತ್ತುತ್ತಾನೆ, ಸ್ಪ್ರಿಂಕ್ಲರ್ ಪೈಪಿನ ಜೋಡಣೆಗೂ ಅವನೇ ಬೇಕು. ವರ್ಷಕ್ಕೆ ನನ್ನ ಪಿಂಚಣಿಗಿಂತ ಹೆಚ್ಚು ದುಡಿಯುತ್ತಾನೆ. ಅವನ ಹೆಸರು ಆಗುವುದಿಲ್ಲವಂತೆ, ಸಂಬಳದ ಚೀಟಿ ಇಲ್ಲ.

ಅವರು ಹೋದ ಮೇಲೆ ಲಾಟೀನಿನ ಬೆಳಕಿನಲ್ಲಿ ಕೂತು ಲೆಕ್ಕ ಹಾಕಿದೆ. ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ವರ್ಷ, ಶೇಕಡಾ 10 ಬಡ್ಡಿ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ನಿಲ್ಲುವುದಿಲ್ಲ. ಬರೀ ಸರಳ ಬಡ್ಡಿಯೆಂದರೂ ಐದನೇ ವರ್ಷದ ಕೊನೆಗೆ ಎರಡು ಲಕ್ಷದ ಹತ್ತು ಸಾವಿರ ಕೂಡಿಕೊಳ್ಳುತ್ತದೆ. ಎಂಟು ಲಕ್ಷದ ಹತ್ತು ಸಾವಿರವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 10,700 ರೂಪಾಯಿ. ಒಟ್ಟು ಹನ್ನೆರಡು ಲಕ್ಷದ ಎಂಬತ್ತು ಸಾವಿರ ದಾಟುತ್ತದೆ. 2024ರಲ್ಲಿ ರೊಬಸ್ಟಾ ಚೆರ್ರಿಯ 50 ಕೆಜಿ ಮೂಟೆಗೆ ಹತ್ತು ಸಾವಿರ ರೂಪಾಯಿ ಬಂದಾಗ ನಮ್ಮ ಕಡೆ ಹಿಂದೆಂದೂ ಕಾಣದ ಬೆಲೆ ಎಂದು ಹಬ್ಬ ಮಾಡಿದ್ದೆವು. ಆ ಲೆಕ್ಕದಲ್ಲಿ ತಿಂಗಳಿಗೊಂದು ಮೂಟೆ, ಹತ್ತು ವರ್ಷ. ಅವರಿಗಿರುವುದು ಒಂದೂವರೆ ಎಕರೆ. ಪಹಣಿಯ ಹನ್ನೊಂದನೇ ಕಾಲಂನಲ್ಲಿ 'ಋಣಗಳು' ಎಂಬ ಜಾಗದಲ್ಲಿ ಸೊಸೈಟಿಯ ಬೆಳೆಸಾಲ ಆಗಲೇ ಕೂತಿದೆ. ಐದು ಲಕ್ಷದವರೆಗಿನ ಬೆಳೆಸಾಲಕ್ಕೆ ಸೊಸೈಟಿಯಲ್ಲಿ ಬಡ್ಡಿ ಇಲ್ಲ. ಗಿಡ ಬೆಳೆಸಲು ಬಡ್ಡಿಯಿಲ್ಲದ ಸಾಲ, ಮಗಳನ್ನು ಬೆಳೆಸಲು ಶೇಕಡಾ ಹತ್ತರ ಸಾಲ. ಆ ರಾತ್ರಿ ಇದು ನನ್ನನ್ನು ಬಹಳ ಹೊತ್ತು ಕಾಡಿತು.

ಸಹಿ ಹಾಕಲು ಹಿಂಜರಿದದ್ದು ದುಡ್ಡಿನ ಭಯಕ್ಕಲ್ಲ. ಆ ಹುಡುಗಿ ಕೈಕೆಲಸದಲ್ಲಿ ಚುರುಕು. ಎಂಟನೇ ಕ್ಲಾಸಿನಲ್ಲೇ ಶಾಲೆಯ ಗಂಟೆಯ ಸ್ವಿಚ್ಚು ಕೆಟ್ಟಾಗ ಬಿಚ್ಚಿ ಸರಿಮಾಡಿದವಳು. ಐಟಿಐಗೆ ಹೋಗಿದ್ದರೆ ಎರಡು ವರ್ಷದಲ್ಲಿ, ಕೆಲವೇ ಸಾವಿರದಲ್ಲಿ ಎಲೆಕ್ಟ್ರಿಷಿಯನ್ ಆಗುತ್ತಿದ್ದಳು. ಅಣ್ಣ ಹಾಗೇ ಫಿಟ್ಟರ್ ಓದಿ, ಆಮೇಲೆ ಸಕಲೇಶಪುರದ ಒಬ್ಬ ಹಳೆಯ ಮೆಕ್ಯಾನಿಕ್ಕಿನ ಕೈಕೆಳಗೆ ಮೂರು ವರ್ಷ ಇದ್ದವನು. ಮಾರನೇ ದಿನ ಕೂಡುರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದವಳನ್ನು ಕೇಳಿಯೇಬಿಟ್ಟೆ, ಇಷ್ಟು ಸಾಲ ಮಾಡಿ ಎಂಜಿನಿಯರಿಂಗೇ ಯಾಕಮ್ಮ?

ಅವಳು ಛತ್ರಿಯ ಕಡ್ಡಿ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಸಾರ್, ಅಣ್ಣನ್ನ ಎಲ್ರೂ 'ಬಾರೋ, ಹೋಗೋ' ಅಂತಾರೆ. ನಿನ್ನೆ ಮೊನ್ನೆ ಹುಟ್ಟಿದ ಸಾಹುಕಾರರ ಮೊಮ್ಮಗನೂ ಅಂತಾನೆ. ನನ್ನನ್ನ ಹಂಗೆ ಕರೀಬಾರ್ದು."

ಅವಳು ಹೇಳಿದ್ದು ಅಷ್ಟೆ, ಬಸ್ಸು ಬಂತು. ಕಾಲೇಜೋ ಕಸುಬೋ ಎಂಬ ಪ್ರಶ್ನೆಯನ್ನು ನಾನು ಅಲ್ಲಿಯವರೆಗೆ ಸಂಬಳ, ಬಡ್ಡಿ, ಉದ್ಯೋಗ ಎಂದು ಅಳೆಯುತ್ತಿದ್ದೆ. ಅವಳು ವ್ಯಾಕರಣದಲ್ಲಿ ಅಳೆದಳು. ಕನ್ನಡದಲ್ಲಿ ಒಬ್ಬ ಮನುಷ್ಯನನ್ನು ಕರೆಯಬೇಕಾದರೆ ಬಾಯಿ ತೆರೆಯುವ ಮೊದಲೇ ತೀರ್ಮಾನ ಆಗಿರಬೇಕು, ನೀನೋ ನೀವೋ, ಬಾ ಎಂದೋ ಬನ್ನಿ ಎಂದೋ. ಬ್ಯಾಂಕಿನ ಗುಮಾಸ್ತರಿಗೆ 'ಬನ್ನಿ'. ಲೈನ್‌ಮನ್‌ಗೆ, ಗಾರೆಯವನಿಗೆ, ಕೊಂಬೆ ಕಡಿಯುವ ಮರಗಸಿಗೆ ಎಪ್ಪತ್ತು ಅಡಿ ಸಿಲ್ವರ್ ಮರ ಹತ್ತುವವನಿಗೆ 'ಬಾ'. ಕೂಲಿ ಕೊಡುವಾಗ ಯಾರೂ ಲೆಕ್ಕ ತಪ್ಪಿಸುವುದಿಲ್ಲ, ಈಗಂತೂ ಕೇಳಿದಷ್ಟು ಕೊಡುತ್ತಾರೆ, ಏಕೆಂದರೆ ಜನ ಸಿಗುವುದಿಲ್ಲ. ಆದರೆ ಆ ಒಂದು ಅಕ್ಷರ ಮಾತ್ರ ಕೂಲಿಯ ಜೊತೆ ಏರಿಲ್ಲ. ಆ ಅಕ್ಷರಕ್ಕಾಗಿಯೇ ಒಂದೂವರೆ ಎಕರೆಯ ಮನೆಯೊಂದು ಹನ್ನೆರಡು ಲಕ್ಷ ಕೊಡಲು ಹೊರಟಿದೆ.

ಹಾಸನದ ಕಡೆ ಪ್ರೀತಿಗೂ ಏಕವಚನವೇ ಎಂಬುದು ನನಗೆ ಗೊತ್ತು. ನಮ್ಮಮ್ಮನನ್ನು ನಾನು ಎಂದೂ 'ನೀವು' ಎಂದವನಲ್ಲ. ಆದರೆ ಪ್ರೀತಿಯ ಏಕವಚನಕ್ಕೆ ಎದುರಿನಿಂದಲೂ ಏಕವಚನ ಬರುತ್ತದೆ. ವಾಪಸು ಬರಬಾರದ ಏಕವಚನ ಬೇರೆಯೇ.

ಇದರಲ್ಲಿ ನನ್ನ ಪಾಲೂ ಇದೆ. ಮೂವತ್ತು ವರ್ಷ, ಮಾರ್ಕ್ಸು ಕಡಿಮೆ ಬಂದ ಮಕ್ಕಳನ್ನು ನಿಲ್ಲಿಸಿ ನಾನು ಹೇಳುತ್ತಿದ್ದ ಮಾತು, "ಓದ್ಲಿಲ್ಲ ಅಂದ್ರೆ ಕಾಫಿ ಕೊಯ್ಯೋಕೆ ಹೋಗ್ಬೇಕಾಗುತ್ತೆ." ಆ ಕ್ಲಾಸಿನ ಅರ್ಧ ಮಕ್ಕಳ ಅಮ್ಮಂದಿರು ಅದೇ ಹೊತ್ತಿಗೆ, ಅದೇ ಗುಡ್ಡದ ಮೇಲೆ ಕಾಫಿ ಕೊಯ್ಯುತ್ತಿದ್ದರು. ಮಧ್ಯಾಹ್ನದ ಊಟಕ್ಕೆ ಬಂದ ಮಗು ಅಮ್ಮನ ಕಪ್ಪಾದ ಬೆರಳುಗಳನ್ನು ಆಮೇಲೆ ಹೇಗೆ ನೋಡಿತೋ. ಒಳ್ಳೆಯದಾಗಲಿ ಎಂದೇ ಹೇಳಿದೆ, ನಿಜ. ಆದರೆ ಕೆಲಸವನ್ನು ಶಿಕ್ಷೆಯ ಹೆಸರಾಗಿ ಮೊದಲು ಆ ಮಕ್ಕಳ ಕಿವಿಗೆ ಹಾಕಿದವನು ನಾನೇ.

ಹಾಗೆಂದು ಕಸುಬೇ ಮೇಲು, ಡಿಗ್ರಿ ದಂಡ ಎಂದು ಹೇಳುವ ಧೈರ್ಯ ನನಗಿಲ್ಲ. ತೋಟದ ಲೈನ್ ಮನೆಯಲ್ಲಿ ಹುಟ್ಟಿದ ನನ್ನ ಶಿಷ್ಯೆಯೊಬ್ಬಳು ಸಾಲ ಮಾಡಿ ನರ್ಸಿಂಗ್ ಓದಿದಳು. ಕೆಲಸ ಸಿಕ್ಕಿದ ವರ್ಷ ಸಾಹುಕಾರರ ಮನೆಗೆ ಸಿಹಿ ಕೊಡಲು ಹೋದಾಗ ಅವಳಿಗೆ ಕುರ್ಚಿ ಹಾಕಿದರಂತೆ. ಅವಳ ಅಮ್ಮ ಅದೇ ಮನೆಯ ಹಿತ್ತಲ ಮೆಟ್ಟಿಲ ಮೇಲೆ ನಲವತ್ತು ವರ್ಷ ಕೂತವರು. ನನಗೆ ಆ ಸುದ್ದಿ ಹೇಳುವಾಗ ಸಂಬಳದ ಮಾತು ಒಂದೂ ಆಡಲಿಲ್ಲ, ಕುರ್ಚಿಯ ಮಾತನ್ನೇ ಮೂರು ಸಲ ಹೇಳಿದರು. ಕಸುಬು ಎಂಬುದು ಈ ನಾಡಿನಲ್ಲಿ ಎಷ್ಟೋ ಮಂದಿಗೆ ಆಯ್ಕೆಯಾಗಿ ಬಂದದ್ದಲ್ಲ, ಹುಟ್ಟಿನ ಜೊತೆ ಕಟ್ಟಿ ಕಳಿಸಿದ ಗಂಟು. ಆ ಗಂಟನ್ನು ಬಿಚ್ಚಿದ್ದು ಅಕ್ಷರ. ಹೊಟ್ಟೆ ತುಂಬಿದವರು ಕೂತು 'ಎಲ್ಲರೂ ಯಾಕೆ ಡಿಗ್ರಿ ಮಾಡಬೇಕು' ಎಂದು ಹೇಳುವಾಗ, ತಮ್ಮ ಮಕ್ಕಳನ್ನು ಎಲ್ಲಿಗೆ ಕಳಿಸಿದ್ದಾರೆ ಎಂದು ನಾನು ಮೊದಲು ನೋಡುತ್ತೇನೆ.

ಹನ್ನೆರಡನೇ ಶತಮಾನದ ಕಲ್ಯಾಣದ ಶರಣರ ಹೆಸರುಗಳು ಈಚೆಗೆ ನನಗೆ ಬೇರೆಯಾಗಿ ಕೇಳಿಸುತ್ತಿವೆ. ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯ, ನೂಲುತ್ತಿದ್ದ ಕದಿರ ರೆಮ್ಮವ್ವೆ, ಭತ್ತ ಕುಟ್ಟುತ್ತಿದ್ದ ಕೊಟ್ಟಣದ ಸೋಮಮ್ಮ. ಕಾಯಕ ದೊಡ್ಡದು ಎಂಬ ಮಾತನ್ನು ನಾವು ಭಾಷಣದಲ್ಲಿ ಎಷ್ಟು ಸಲ ಹೇಳಿಲ್ಲ! ಆದರೆ ಅವರು ಮಾಡಿದ್ದನ್ನು ನೋಡಿ. ಕಸುಬಿನ ಹೆಸರನ್ನು ಮುಚ್ಚಿಡದೆ ಮುಂದೆ ಇಟ್ಟರು, ಹಿಂದೆ ಒಂದು 'ಅಯ್ಯ', ಒಂದು 'ಅವ್ವೆ' ಸೇರಿಸಿದರು. ಮಾಚ ಮಾಚಯ್ಯನಾಗಲು ಮಡಿ ಒಗೆಯುವುದನ್ನು ಬಿಡಬೇಕಾಗಲಿಲ್ಲ. ಯಾರ ಹತ್ತಿರವೂ ಸಾಲ ಮಾಡಬೇಕಾಗಲಿಲ್ಲ.

ಸರ್ಕಾರಗಳೂ ನಮ್ಮ ನಾಲಗೆಯನ್ನೇ ಅನುಸರಿಸುತ್ತವೆ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆ ಕೊಟ್ಟ ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮಾಡಿದವರಿಗೆ 1,500. ಇಬ್ಬರ ಹಸಿವಿಗೂ ಅರ್ಧಕ್ಕರ್ಧ ವ್ಯತ್ಯಾಸ! ಇನ್ನೊಂದು ಕಡೆ ರಾಜ್ಯದ 150 ಸರ್ಕಾರಿ ಐಟಿಐಗಳನ್ನು 4,600 ಕೋಟಿಗೂ ಹೆಚ್ಚು ಖರ್ಚಿನಲ್ಲಿ ಮೇಲ್ದರ್ಜೆಗೆ ಏರಿಸಿ 2022ರಲ್ಲಿ ಉದ್ಘಾಟಿಸಿದರು. ಒಳ್ಳೆಯ ಕೆಲಸ, ಯಂತ್ರಗಳು ಬಂದವು. ಜರ್ಮನಿಯಲ್ಲಿ ಕಸುಬಿನ ಕಡೆಯ ಪರೀಕ್ಷೆ ಮುಗಿಸಿದವರನ್ನು 'ಮೈಸ್ಟರ್' ಎನ್ನುತ್ತಾರೆ, ಅಲ್ಲಿನ ಅರ್ಹತೆಗಳ ಪಟ್ಟಿಯಲ್ಲಿ ಅದಕ್ಕೂ ವಿಶ್ವವಿದ್ಯಾಲಯದ ಪದವಿಗೂ ಒಂದೇ ಮೆಟ್ಟಿಲು. ನಮ್ಮಲ್ಲೂ ಒಂದು ಪದ ಇದೆ, ಮೇಸ್ತ್ರಿ. ಅದರ ಬೆನ್ನಿಗೇ ನಾವು 'ಬಾರೋ ಮೇಸ್ತ್ರಿ' ಎನ್ನುತ್ತೇವೆ.

ಆ ಹುಡುಗಿಯ ಸಾಲದ ಇನ್ನೊಂದು ಗುಣ ಬಡ್ಡಿಯ ಲೆಕ್ಕದಲ್ಲಿ ಕಾಣುವುದಿಲ್ಲ. ತಿಂಗಳಿಗೆ 10,700 ಕಟ್ಟುವ ಎಂಜಿನಿಯರ್ ಕೆಲಸ ವನಗೂರಿನಲ್ಲಿಲ್ಲ, ಆಲೂರಿನಲ್ಲಿಲ್ಲ. ಹತ್ತು ವರ್ಷ ಅವಳು ಬೆಂಗಳೂರಿನಲ್ಲಿ ಇರಲೇಬೇಕು, ಕೆಲಸ ಹಿಡಿಸದಿದ್ದರೂ ಬಿಡುವಂತಿಲ್ಲ. ಆನೆಯ ಭಯ, ಮಳೆ, ಬಸ್ಸಿಲ್ಲದ ದಾರಿ, ಇವನ್ನೆಲ್ಲ ಬಿಟ್ಟು ಹೋಗಲು ಅವಳಿಗೆ ಮನಸ್ಸಿದ್ದರೆ ಸರಿ. ಮನಸ್ಸು ಬದಲಾದರೆ? ಹದಿನೆಂಟನೇ ವಯಸ್ಸಿನಲ್ಲಿ ಹಾಕಿದ ಸಹಿ ಮೂವತ್ತಮೂರರವರೆಗೆ ಎಲ್ಲಿ ಬದುಕಬೇಕೆಂದು ಹೇಳುತ್ತದೆ. ಇದನ್ನು ಅವಳಿಗೆ ಹೇಳಿದೆ. "ಯೋಚನೆ ಮಾಡಿದೀನಿ ಸಾರ್" ಎಂದಳು. ಸಹಿ ಹಾಕಿದೆ.

ಇಷ್ಟು ಬರೆದು ಹಿಂದಕ್ಕೆ ಓದಿದರೆ, ಜಗಲಿಗೆ ಬಂದ ಅಪ್ಪನನ್ನು 'ಬಂದರು' ಎಂದಿದ್ದೇನೆ, ಬ್ಯಾಂಕಿನವರನ್ನು 'ಎಂದಿದ್ದರಂತೆ' ಎಂದಿದ್ದೇನೆ. ಪಲ್ಪರ್ ರಿಪೇರಿ ಮಾಡುವ ಮಗನನ್ನು 'ಮಾಡುತ್ತಾನೆ' ಎಂದೇ ಬರೆದಿದ್ದೇನೆ. ನನ್ನ ಶಿಷ್ಯ ಎಂಬ ಸಲಿಗೆ ಎನ್ನಬಹುದು. ನನ್ನ ಶಿಷ್ಯರಲ್ಲೇ ಒಬ್ಬರು ತಹಶೀಲ್ದಾರರಾದಾಗ ಆ ಸಲಿಗೆ ಎಲ್ಲಿ ಹೋಯಿತು?

ಡಿಸೆಂಬರಿನಲ್ಲಿ ಅರೇಬಿಕಾ ಕೊಯ್ಲು ಜೋರಾಗಿದ್ದಾಗ ನಮ್ಮ ಪಲ್ಪರ್ ಕೆಟ್ಟಿತು. ಹಣ್ಣು ಕೊಯ್ದ ದಿನವೇ ಪಲ್ಪ್ ಆಗಬೇಕು, ಇಲ್ಲದಿದ್ದರೆ ಹುಳಿ ಬರುತ್ತದೆ. ಫೋನು ಮಾಡಿದ ಅರ್ಧ ಗಂಟೆಗೆ ಅವರು ಬೈಕಿನಲ್ಲಿ ಬಂದರು. "ಬನ್ನಿ, ಕೂತ್ಕೊಳ್ಳಿ, ಮೊದಲು ಕಾಫಿ ಕುಡೀರಿ" ಎಂದೆ. ಅವರು ತಿರುಗಿ ಹಿಂದೆ ನೋಡಿದರು, ನನ್ನ ಮನೆಗೆ ಮತ್ಯಾರೋ ಬಂದಿರಬೇಕೆಂದು.

ಕಾಫಿ ಆಮೇಲೆ ಎಂದು ಯಂತ್ರದ ಹತ್ತಿರ ಕೂತರು. ತಾಮ್ರದ ತಗಡಿನ ಗುಬುಟುಗಳ ಮೇಲೆ ಹೆಬ್ಬೆರಳು ಆಡಿಸಿ ಸವೆದ ಜಾಗ ಹುಡುಕಿದರು. ಎರಡು ಬೋಲ್ಟು ಕಾಲು ಸುತ್ತು ಬಿಗಿದು, ಒಂದು ಹಿಡಿ ಹಣ್ಣು ಹಾಕಿ ತಿರುಗಿಸಿದರು. ಬಂದ ಬೀಜವನ್ನು ಅಂಗೈಯಲ್ಲಿ ಹರಡಿ ಬೆಳಕಿಗೆ ಹಿಡಿದರು. ಮೂರು ಬೀಜಕ್ಕೆ ಗಾಯವಾಗಿತ್ತು. ಮತ್ತೆ ಅರೆಕಾಲು ಸುತ್ತು ಸಡಿಲಿಸಿದರು, ಮತ್ತೊಂದು ಹಿಡಿ. ಐದನೇ ಹಿಡಿಯಲ್ಲಿ ಒಂದು ಬೀಜಕ್ಕೂ ಗೀರಿಲ್ಲ, ಒಂದಕ್ಕೂ ಸಿಪ್ಪೆ ಅಂಟಿಲ್ಲ. ಆ ಅಂಗೈಯನ್ನು ನನ್ನ ಕಡೆ ಚಾಚಿ, "ನೋಡಿ ಸಾರ್" ಎಂದರು.

ಕೈ ತೊಳೆಯುತ್ತಾ ಇನ್ನೊಂದು ಮಾತು ಹೇಳಿದರು. ಓದುವ ಅವಧಿಯ ಬಡ್ಡಿಯನ್ನು ಬಡ ಮನೆಗಳ ಪರವಾಗಿ ಕೇಂದ್ರ ಸರ್ಕಾರ ಕಟ್ಟುವ ಯೋಜನೆಯೊಂದು 2009ರಿಂದ ಇದೆ, ಆದರೆ ತಂಗಿಯ ಕಾಲೇಜಿನ ಆ ಕೋರ್ಸಿಗೆ ಬೇಕಾದ ಮಾನ್ಯತೆ ಇನ್ನೂ ಸಿಕ್ಕಿಲ್ಲವಂತೆ. ಹಾಗಾಗಿ ಬಡ್ಡಿ ಬೆಳೆಯದಂತೆ ಪ್ರತಿ ತಿಂಗಳೂ ತಾವೇ ಕಟ್ಟುತ್ತಿದ್ದಾರೆ, ಈ ವರ್ಷ 1,250 ರೂಪಾಯಿ.

"ಈ ತಿಂಗಳದ್ದು ಕಟ್ಟಾಯ್ತು ಸಾರ್. ನೀವೇನೂ ಹೆದ್ರಬೇಡಿ."